ಬಚ್ಚಲುಮನೆಯ ಸ್ವಚ್ಛತೆ: ಮದ್ದು ಮನೆಯಲ್ಲೇ ಇದೆ
(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ಮಹಿಳಾ ಸಮಾವೇಶದಲ್ಲಿ ಹಿರಿಯ ಸದಸ್ಯೆಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಇಪ್ಪತ್ತೈದು ವರ್ಷ ಒಂದು ಸಂಘ ಒಡೆಯದೆ ನಡೆದು ಬಂದಿದೆ ಅಂದರೆ ಅದು ಸಣ್ಣ ಮಾತಲ್ಲ. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಶುರು ಮಾಡಿದ ಸಹಕಾರ ಸಂಘದ ವಿಚಾರ, ನಮ್ಮ ಸಂಘ ಬೆಳೆದು ಬಂದ ದಾರಿ, ಇವನ್ನೆಲ್ಲ ನಮಗಿಂತ ಮುಂಚೆ ಮಾತಾಡಿದವರು ಚೆನ್ನಾಗಿ ಹೇಳಿದ್ದಾರೆ. ಅದನ್ನೇ ನಾವು ಮತ್ತೆ ಹೇಳಲು ಹೋಗುವುದಿಲ್ಲ.

ನೀವೂ ಎರಡು ಮಾತಾಡಬೇಕು ಎಂದು ಕಾರ್ಯದರ್ಶಿಗಳು ಮನೆಗೆ ಬಂದು ಕೇಳಿದಾಗ, ನಾವು ಬಚ್ಚಲು ತೊಳೆಯುವುದರ ಬಗ್ಗೆ ಮಾತಾಡುತ್ತೇವೆ ಅಂದೆವು. ಅವರು ನಕ್ಕರು. "ಏನಮ್ಮಾ, ರಜತ ಮಹೋತ್ಸವದಲ್ಲಿ ಬಚ್ಚಲ ವಿಚಾರಾನಾ?" ಅಂದರು. ನಾವು ನಗಲಿಲ್ಲ. ಯಾಕೆ ನಗಲಿಲ್ಲ ಎಂಬುದನ್ನೇ ಮೊದಲು ಹೇಳಿಬಿಡುತ್ತೇವೆ. ಆಮೇಲೆ ಮದ್ದಿನ ಮಾತು.

ನಮ್ಮ ಮನೆಯಲ್ಲೇ ನಡೆದದ್ದು

ಗೌರಿ ಹಬ್ಬದ ಹಿಂದಿನ ದಿನ. ಮಗಳು ಅಳಿಯ ಬೆಂಗಳೂರಿನಿಂದ ಬರುವವರಿದ್ದರು. ನಮ್ಮ ಬಚ್ಚಲುಮನೆಗೆ ಬಿಳಿ ಟೈಲ್ಸ್ ಹಾಕಿಸಿ ಮೂರು ವರ್ಷವಾಗಿತ್ತು. ಬೋರ್‌ವೆಲ್ ನೀರು ಬಿದ್ದು ಬಿದ್ದು ಟೈಲ್ಸಿನ ಮೇಲೆಲ್ಲ ಸುಣ್ಣ ಚೆಲ್ಲಿದ ಹಾಗೆ ಕಿಟ್ಟ ಕಟ್ಟಿತ್ತು. ನಾವು ಸೊಸೆಗೆ, "ನೋಡು, ಬರೋರು ಏನಂದುಕೊಳ್ತಾರೆ, ಇವತ್ತು ಬೆಳ್ಳಗೆ ಆಗ್ಬೇಕು" ಅಂತ ಸ್ವಲ್ಪ ಗಡುಸಾಗೇ ಹೇಳಿದೆವು. ಅಂಗಡಿಯಿಂದ ಆಸಿಡ್ ಬಾಟಲಿ ತರಿಸಿ ಕೊಟ್ಟದ್ದೂ ನಾವೇ.

ಆ ಹುಡುಗಿ, ಮಗು ಒಳಗೆ ಬಂದೀತು ಎಂದು ಬಾಗಿಲಿಗೆ ಚಿಲಕ ಹಾಕಿಕೊಂಡು ಆಸಿಡ್ ಸುರಿದು ಉಜ್ಜಿದಳು. ಬೇಕಾದಷ್ಟು ಬೆಳ್ಳಗಾಗಲಿಲ್ಲ ಅಂತ, ತೊಟ್ಟಿ ತೊಳೆಯಲು ತಂದಿಟ್ಟಿದ್ದ ಬ್ಲೀಚಿಂಗ್ ಪುಡಿಯನ್ನೂ ಅದರ ಮೇಲೆಯೇ ಉದುರಿಸಿದಳು. ಎರಡೂ ಸೇರಿದ ಕೂಡಲೇ ಹಸಿರು ಮಿಶ್ರಿತ ಹಳದಿ ಹೊಗೆ ಎದ್ದಿತು. ಕಿಟಕಿಗೆ ನಾವೇ ಚಳಿ ಅಂತ ಹಲಗೆ ಹೊಡೆಸಿದ್ದೆವು. ಕಣ್ಣು ಕಾಣದೆ ಚಿಲಕ ಸಿಗದೆ ಒಳಗೇ ಕೆಮ್ಮುತ್ತಾ ಬಿದ್ದಳು. ಮಗ ಬಾಗಿಲು ಒದ್ದು ಎಳೆದು ತಂದ. ಆಸ್ಪತ್ರೆಯಲ್ಲಿ ಎರಡು ರಾತ್ರಿ ಆಮ್ಲಜನಕ ಕೊಟ್ಟರು. ಜೀವ ಉಳಿಯಿತು. ತಿಂಗಳುಗಟ್ಟಲೆ ಅವಳ ದನಿ ಒಡೆದೇ ಇತ್ತು.

"ಅದು ಕ್ಲೋರಿನ್ ಅನಿಲ ಕಣಮ್ಮಾ. ಮೊದಲನೇ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ವಿಷದ ಗಾಳಿ ಅದೇ" ಎಂದು ಡಾಕ್ಟರು ಹೇಳಿದರು. 1915ರಲ್ಲಿ ರಣರಂಗದಲ್ಲಿ ಬಿಟ್ಟ ವಿಷವನ್ನು ನಾವು ನಮ್ಮ ಸೊಸೆಯ ಕೈಯಲ್ಲಿ ನಮ್ಮ ಬಚ್ಚಲಲ್ಲೇ ತಯಾರು ಮಾಡಿಸಿದ್ದೆವು. ನಾಲ್ಕು ಬಿಳಿ ಟೈಲ್ಸಿಗೋಸ್ಕರ.

ಅವತ್ತಿನಿಂದ ನಮ್ಮ ಮನೆಗೆ ಆಸಿಡ್ ಬಂದಿಲ್ಲ. ಬಚ್ಚಲು ಕೊಳಕಾಗಿಯೂ ಇಲ್ಲ. ಬೇಕಾದವರು ಬಂದು ನೋಡಬಹುದು. ಏನೇನು ಮಾಡಿದೆವು, ಯಾವುದು ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ ಎಂಬುದನ್ನು ತಮ್ಮ ಮುಂದೆ ಇಡುತ್ತೇವೆ.

ಕೊಳೆಯ ಗುಣ ತಿಳಿಯಬೇಕು

ಎಲ್ಲ ಜ್ವರಕ್ಕೂ ಒಂದೇ ಮಾತ್ರೆ ಇಲ್ಲ. ಹಾಗೆಯೇ ಎಲ್ಲ ಕೊಳೆಗೂ ಒಂದೇ ಮದ್ದಿಲ್ಲ. ಬಚ್ಚಲಲ್ಲಿ ಮುಖ್ಯವಾಗಿ ಮೂರು ಥರದ ಕೊಳೆ ಇರುತ್ತದೆ.

ಮೊದಲನೆಯದು ಜಿಡ್ಡು. ಮೈಗೆ ಹಚ್ಚಿದ ಎಣ್ಣೆ, ಬೆವರು, ಸೋಪು ಇವೆಲ್ಲ ಸೇರಿ ಗೋಡೆಗೆ, ನೆಲಕ್ಕೆ, ಬಕೆಟ್ಟಿಗೆ ಅಂಟುತ್ತದೆ. ಎರಡನೆಯದು ಕಿಟ್ಟ. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಶಿಯಂ ಲವಣಗಳು ಕರಗಿರುತ್ತವೆ. ನೀರು ಕಾದಾಗ, ಆರಿದಾಗ ಅವು ಬಿಳಿ ಪದರವಾಗಿ ಕೂರುತ್ತವೆ. ಹಂಡೆಯೊಳಗೆ ಕಲ್ಲಿನಂತೆ ಕಟ್ಟುವುದು, ನಲ್ಲಿಯ ಬಾಯಲ್ಲಿ ಹೆಪ್ಪುಗಟ್ಟುವುದು ಇದೇ. ಗಡಸು ನೀರಲ್ಲಿ ಸೋಪು ನೊರೆ ಬಾರದೆ ಬೂದುಬಣ್ಣದ ಗಷ್ಟಾಗುವುದೂ ಇದರಿಂದಲೇ. ಮೂರನೆಯದು ಪಾಚಿ ಮತ್ತು ಬೂಷ್ಟು. ಇವು ಜೀವ ಇರುವ ಕೊಳೆ. ತೇವ ಆರದ ಕಡೆ ಬೆಳೆಯುತ್ತವೆ.

ಜಿಡ್ಡಿಗೆ ಕ್ಷಾರ, ಕಿಟ್ಟಕ್ಕೆ ಹುಳಿ, ಪಾಚಿಗೆ ಬಿಸಿಲು ಗಾಳಿ. ಇಷ್ಟು ನೆನಪಿಟ್ಟುಕೊಂಡರೆ ಸಾಕು, ಅರ್ಧ ಕೆಲಸ ಆದಂತೆ.

ಇದು ನಮಗೆ ಹೊಸ ವಿಚಾರವೂ ಅಲ್ಲ. ಡೇರಿಯಲ್ಲಿ ಹಾಲಿನ ಕ್ಯಾನು, ಶೀತಲೀಕರಣದ ತೊಟ್ಟಿ ಇವನ್ನು ಹೇಗೆ ತೊಳೆಯುತ್ತಾರೆ? ಹಾಲಿನ ಜಿಡ್ಡು ಬಿಡಿಸಲು ಕ್ಷಾರದ ನೀರು. ಒಳಗೆ ಕಟ್ಟುವ ಹಾಲುಗಲ್ಲು ಬಿಡಿಸಲು ಆಮ್ಲದ ನೀರು. ಎರಡರ ನಡುವೆ ಚೆನ್ನಾಗಿ ನೀರಲ್ಲಿ ತೊಳೆಯುವುದು. ಎರಡನ್ನೂ ಕೂಡಿಸಿ ಸುರಿಯುವುದಿಲ್ಲ. ಜಿಡ್ಡಿನಂಶ ನೋಡುವ ಗರ್ಬರ್ ಪರೀಕ್ಷೆಗೆ ಗಂಧಕಾಮ್ಲ ಬೇಕು. ಅದನ್ನು ಮುಟ್ಟುವವರು ಎಷ್ಟು ಭಯಭಕ್ತಿಯಿಂದ ಮುಟ್ಟುತ್ತಾರೆ ಎಂಬುದನ್ನು ನಾವೆಲ್ಲ ಡೇರಿ ಕಿಟಕಿಯಲ್ಲಿ ನಿಂತು ನೋಡಿದ್ದೇವೆ. ಮನೆಗೆ ಬಂದರೆ ಮಾತ್ರ ಬರಿಗಾಲಲ್ಲಿ, ಬರಿಗೈಲಿ ಆಸಿಡ್ ಸುರಿಯುತ್ತೇವೆ. ಇದೆಂಥಾ ಬುದ್ಧಿ?

ಹಿಂದಿನವರು ಹೇಗೆ ತೊಳೆಯುತ್ತಿದ್ದರು

ನಾವು ಈ ಊರಿಗೆ ಸೊಸೆಯಾಗಿ ಬಂದಾಗ ಬಚ್ಚಲು ಅಂದರೆ ಒಂದು ಮೂಲೆಯಲ್ಲಿ ಹೂತ ತಾಮ್ರದ ಹಂಡೆ, ಅದರ ಕೆಳಗೆ ಒಲೆ, ನಿಂತು ನೀರು ಹುಯ್ದುಕೊಳ್ಳಲು ಒಂದು ಚಪ್ಪಡಿ ಕಲ್ಲು. ಒಲೆಯ ಬೂದಿಯೇ ಸೋಪು, ತೆಂಗಿನ ನಾರೇ ಬ್ರಷ್ಷು. ಹಬ್ಬಕ್ಕೆ ಹಂಡೆಗೆ ಹುಣಸೆಹಣ್ಣು, ಉಪ್ಪು. ನಮ್ಮ ಅತ್ತೆಯವರು ತಿಕ್ಕಿದ ಹಂಡೆಯಲ್ಲಿ ಮುಖ ಕಾಣುತ್ತಿತ್ತು.

ಅವರು ಶಾಲೆಗೆ ಹೋದವರಲ್ಲ. ಆದರೆ ಅವರು ಮಾಡಿದ್ದರಲ್ಲಿ ವಿಜ್ಞಾನ ಇತ್ತು. ಸೌದೆಯ ಬೂದಿಯಲ್ಲಿ ಪೊಟ್ಯಾಶಿಯಂ ಕಾರ್ಬೊನೇಟ್ ಎಂಬ ಕ್ಷಾರ ಇದೆ. ಅದು ಎಣ್ಣೆ ಜಿಡ್ಡನ್ನು ಬಿಡಿಸುತ್ತದೆ. ಮಡಿವಾಳರು ಚೌಳು ಮಣ್ಣಿನಲ್ಲಿ ಬಟ್ಟೆ ಒಗೆಯುತ್ತಿದ್ದುದೂ ಅದರಲ್ಲಿರುವ ಸೋಡಾದ ಗುಣದಿಂದಲೇ. ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲ, ನಿಂಬೆಯಲ್ಲಿ ಸಿಟ್ರಿಕ್ ಆಮ್ಲ, ಹುಳಿ ಮಜ್ಜಿಗೆಯಲ್ಲಿ ಲ್ಯಾಕ್ಟಿಕ್ ಆಮ್ಲ. ತಾಮ್ರದ ಕಿಲುಬನ್ನು, ನೀರಿನ ಕಿಟ್ಟವನ್ನು ಇವು ಕರಗಿಸುತ್ತವೆ. ಅಂಟುವಾಳದಲ್ಲಿ, ಸೀಗೆಯಲ್ಲಿ ಸ್ಯಾಪೊನಿನ್ ಎಂಬ ನೊರೆ ಕೊಡುವ ವಸ್ತು ಇದೆ.

ಹಾಗಂತ ಹಿಂದಿನದೆಲ್ಲ ಒಳ್ಳೆಯದು ಅಂತ ನಾವು ಹೇಳುವುದಿಲ್ಲ. ಆ ಬಚ್ಚಲಲ್ಲಿ ಹೊಗೆ ತುಂಬುತ್ತಿತ್ತು. ಚಪ್ಪಡಿ ಪಾಚಿ ಕಟ್ಟಿ ಎಷ್ಟು ಮಂದಿ ಜಾರಿ ಸೊಂಟ ಮುರಿದುಕೊಂಡಿಲ್ಲ? ಆಗಿನ ಒಳ್ಳೆಯದನ್ನು ಈಗಿನ ಬಚ್ಚಲಿಗೆ ಹೊಂದಿಸಿಕೊಳ್ಳಬೇಕು, ಅಷ್ಟೇ.

ಒಂದು: ಅಂಟುವಾಳದ ನೀರು

ದಿನನಿತ್ಯಕ್ಕೆ ಇದೇ ನಮ್ಮ ಮುಖ್ಯ ಮದ್ದು. ಹತ್ತು ಹನ್ನೆರಡು ಅಂಟುವಾಳದ ಕಾಯಿ ಒಡೆದು ಬೀಜ ತೆಗೆಯಿರಿ. ಸಿಪ್ಪೆಯನ್ನು ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಹಾಕಿ. ಬೆಳಿಗ್ಗೆ ಸಣ್ಣ ಉರಿಯಲ್ಲಿ ಕಾಲು ಗಂಟೆಯಿಂದ ಇಪ್ಪತ್ತು ನಿಮಿಷ ಕುದಿಸಿ. ಆರಿದ ಮೇಲೆ ಕೈಯಲ್ಲಿ ಕಿವುಚಿ ಬಟ್ಟೆಯಲ್ಲಿ ಸೋಸಿ. ನಸುಗಂದು ಬಣ್ಣದ ನೀರು ಬರುತ್ತದೆ. ಅದನ್ನು ನೆಲ, ಗೋಡೆ, ಬಕೆಟ್ಟು, ಚೊಂಬು, ಬೇಸಿನ್ನು ಎಲ್ಲದಕ್ಕೂ ಹಾಕಿ ನಾರಿನಲ್ಲಿ ಉಜ್ಜಬಹುದು. ಗಡಸು ನೀರಲ್ಲೂ ಸೋಪಿನ ಹಾಗೆ ಗಷ್ಟಾಗುವುದಿಲ್ಲ. ಇದು ನಮ್ಮ ಬೋರ್‌ವೆಲ್ ನೀರಿಗೆ ಹೇಳಿಮಾಡಿಸಿದ ಗುಣ.

ಹೊರಗಿಟ್ಟರೆ ಎರಡು ಮೂರು ದಿನಕ್ಕೆ ಹುಳಿತು ವಾಸನೆ ಬರುತ್ತದೆ. ಬೇಕಾದಷ್ಟೇ ಮಾಡಿಕೊಳ್ಳಿ. ಕಣ್ಣಿಗೆ ಬಿದ್ದರೆ ಬಹಳ ಉರಿ. ಇನ್ನೊಂದು ಮಾತು: ಅಂಟುವಾಳದ ನೀರು ಮೀನಿಗೆ ವಿಷ. ಕೆರೆ, ಕಟ್ಟೆಗೆ ಸುರಿಯಬಾರದು.

ಎರಡು: ಹುಣಸೆ, ನಿಂಬೆ, ನಿಂಬೆಉಪ್ಪು

ಇದು ಕಿಟ್ಟಕ್ಕೆ. ನಲ್ಲಿಯ ಬಾಯಿಗೆ, ಟೈಲ್ಸಿಗೆ, ಸ್ಟೀಲ್ ಚೊಂಬಿಗೆ ರಸ ಹಿಂಡಿದ ನಿಂಬೆ ಸಿಪ್ಪೆಯೇ ಸಾಕು. ಉಜ್ಜಿ ಹದಿನೈದು ಇಪ್ಪತ್ತು ನಿಮಿಷ ಬಿಡಬೇಕು. ಆ ಕಾಯುವಿಕೆಯೇ ಗುಟ್ಟು. ಹಚ್ಚಿದ ತಕ್ಷಣ ತೊಳೆದರೆ ಏನೂ ಆಗುವುದಿಲ್ಲ. ಕಿಟ್ಟದ ಮೇಲೆ ನಿಂಬೆರಸ ಬಿದ್ದಾಗ ಸಣ್ಣಗೆ ಗುಳ್ಳೆ ಏಳುತ್ತದೆ, ನೋಡಿ. ಸುಣ್ಣದಂಶ ಕರಗುತ್ತಿದೆ ಎಂದು ಅರ್ಥ.

ಕಿಟ್ಟ ದಪ್ಪಗಿದ್ದರೆ ನಿಂಬೆ ಗಾತ್ರದ ಹಳೇ ಹುಣಸೆಹಣ್ಣನ್ನು ಅರ್ಧ ಚೊಂಬು ಬಿಸಿನೀರಲ್ಲಿ ಕಿವುಚಿ ಆ ಗಟ್ಟಿ ರಸ ಬಳಿದು ಅರ್ಧ ಗಂಟೆ ಬಿಡಿ. ಒಂದೇ ದಿನಕ್ಕೆ ಹೋಗಲಿಲ್ಲ ಅಂದರೆ ನಾಳೆ ಮತ್ತೆ ಹಚ್ಚಿ. ಮೂರು ವರ್ಷ ಕೂತ ಕಿಟ್ಟ ಮೂರು ನಿಮಿಷಕ್ಕೆ ಹೋಗಬೇಕು ಅನ್ನುವ ಆತುರವೇ ನಮ್ಮ ಸೊಸೆಯನ್ನು ಆಸ್ಪತ್ರೆಗೆ ಕಳಿಸಿದ್ದು. ನಮ್ಮ ಟೈಲ್ಸ್ ಬೆಳ್ಳಗಾಗಲು ಐದು ವಾರ ಹಿಡಿಯಿತು.

ಪಾಯಿಖಾನೆಯ ಬೇಸಿನ್ನಿನ ಹಳದಿ ಕಲೆಗೆ ಕಿರಾಣಿ ಅಂಗಡಿಯ ನಿಂಬೆಉಪ್ಪು ಒಳ್ಳೆಯದು. ಎರಡು ಚಮಚ ನಿಂಬೆಉಪ್ಪನ್ನು ಒಂದು ಚೊಂಬು ಬಿಸಿನೀರಲ್ಲಿ ಕರಗಿಸಿ ಮಲಗುವ ಮುಂಚೆ ಸುತ್ತಲೂ ಹಾಕಿ, ಬೆಳಿಗ್ಗೆ ಬ್ರಷ್ಷಿನಲ್ಲಿ ಉಜ್ಜಿ. ತುಕ್ಕಿನ ಕಲೆಗೂ ಇದನ್ನೇ ಮಾಡಬಹುದು. ತಾಮ್ರ, ಹಿತ್ತಾಳೆಗೆ ಹುಣಸೆ ಉಪ್ಪು. ಡೇರಿಯಲ್ಲಿ ಹಾಲು ಹುಳಿಯಾಗಿದೆ ಅಂತ ವಾಪಸ್ಸು ಬಂದ ದಿನ ಅಳುತ್ತಾ ಕೂರಬೇಡಿ. ಮಜ್ಜಿಗೆ ಮಾಡಿ ಮಿಕ್ಕದ್ದರಲ್ಲಿ ಹಿತ್ತಾಳೆ ಚೊಂಬು ತಿಕ್ಕಬಹುದು.

ಇಲ್ಲಿ ಒಂದು ಎಚ್ಚರಿಕೆ. ಕಡಪ ಕಲ್ಲು, ಶಹಾಬಾದ್ ಕಲ್ಲು ಇವೆರಡೂ ಸುಣ್ಣದ ಕಲ್ಲುಗಳು. ಅಮೃತಶಿಲೆಯೂ ಅಷ್ಟೇ. ಸಿಮೆಂಟಿನ ನೆಲದಲ್ಲೂ ಸುಣ್ಣದಂಶ ಇದೆ. ಯಾವ ಹುಳಿಯೇ ಆಗಲಿ, ಹುಣಸೆಯೇ ಆಗಲಿ, ಇವುಗಳನ್ನು ತಿನ್ನುತ್ತದೆ. ನೆಲ ಒರಟಾಗಿ ಇನ್ನಷ್ಟು ಕೊಳೆ ಹಿಡಿಯುತ್ತದೆ. ಅಂಥ ನೆಲಕ್ಕೆ ಅಂಟುವಾಳ, ಇಲ್ಲವೆ ಸೋಡಾ ನೀರು ಮಾತ್ರ.

ಮೂರು: ಬೂದಿ ಮತ್ತು ಸೋಡಾ

ಸೌದೆ ಒಲೆ ಇದ್ದವರು ಬೂದಿಯನ್ನು ಜರಡಿ ಹಿಡಿದು ಡಬ್ಬಿಯಲ್ಲಿಟ್ಟುಕೊಳ್ಳಿ. ಪ್ಲಾಸ್ಟಿಕ್, ಹಾಲಿನ ಕವರು ಸುಟ್ಟ ಒಲೆಯ ಬೂದಿ ಬೇಡ. ಜಿಡ್ಡಾದ ಕಲ್ಲು, ಸಿಮೆಂಟಿನ ನೆಲಕ್ಕೆ ಬೂದಿ ಚೆನ್ನಾಗಿ ಹೊಂದುತ್ತದೆ. ಹೊಳೆಯುವ ಟೈಲ್ಸಿಗೆ, ಪ್ಲಾಸ್ಟಿಕ್ ಬಕೆಟ್ಟಿಗೆ ಹಾಕಿದರೆ ಗೀರು ಬೀಳುತ್ತದೆ. ಅಲ್ಯೂಮಿನಿಯಂ ಪಾತ್ರೆಗೂ ಬೇಡ, ಕಪ್ಪಾಗುತ್ತದೆ.

ಗ್ಯಾಸಿನ ಮನೆಯವರಿಗೆ ಬೂದಿ ಎಲ್ಲಿ ಸಿಗಬೇಕು? ಅವರಿಗೆ ಒಗೆಯುವ ಸೋಡಾ ಇದೆ. ಎರಡು ಚಮಚ ಸೋಡಾವನ್ನು ಒಂದು ಚೊಂಬು ಬಿಸಿನೀರಲ್ಲಿ ಕರಗಿಸಿ ಜಿಡ್ಡಿನ ಜಾಗಕ್ಕೆ ಹಾಕಿ ಉಜ್ಜಿ. ಕೈಯ ಚರ್ಮ ಒಣಗಿಸುತ್ತದೆ, ಆದ್ದರಿಂದ ಆಮೇಲೆ ಕೈತೊಳೆದು ಸ್ವಲ್ಪ ಕೊಬ್ಬರಿ ಎಣ್ಣೆ ಸವರಿಕೊಳ್ಳಿ.

ಬಚ್ಚಲ ಮೋರಿ ಕಟ್ಟಿಕೊಂಡರೆ ಮೊದಲು ಕೂದಲಿನ ಗಂಟನ್ನು ಕಡ್ಡಿಯಿಂದ ಎಳೆದು ತೆಗೆಯಬೇಕು. ಅದನ್ನು ತೆಗೆಯದೆ ಏನು ಸುರಿದರೂ ದಂಡ. ಆಮೇಲೆ ಸೋಡಾ ಹಾಕಿ ಬಿಸಿನೀರು ಬಿಡಿ. ಕುದಿಯುವ ನೀರು ಬೇಡ, ಪಿ.ವಿ.ಸಿ. ಪೈಪು ಮೆತ್ತಗಾಗಿ ಕೀಲು ಬಿಡುತ್ತದೆ.

ಸೋಡಾಕ್ಕೆ ನಿಂಬೆಹುಳಿ ಅಥವಾ ವಿನೆಗರ್ ಬೆರೆಸಿದರೆ ಬುಸ್ಸೆಂದು ನೊರೆ ಬಂದು ಎಲ್ಲ ಕೊಳೆ ಹೋಗುತ್ತೆ ಅಂತ ಈಗ ಮೊಬೈಲಿನಲ್ಲಿ ತೋರಿಸುತ್ತಾರೆ. ನಾವೂ ಮಾಡಿ ನೋಡಿದೆವು. ನೋಡಲು ಚೆಂದ. ಆದರೆ ಕ್ಷಾರ, ಹುಳಿ ಎರಡೂ ಒಂದನ್ನೊಂದು ಕೊಂದುಕೊಂಡು ಕೊನೆಗೆ ಉಳಿಯುವುದು ಬರೀ ಉಪ್ಪಿನಂಥ ನೀರು. ಅತ್ತೆ ಸೊಸೆ ಜಗಳ ಆಡಿದರೆ ಮನೆಗೆಲಸ ಆಗುತ್ತದೆಯೇ? ಹಾಗೆ ಇದು. ಒಂದು ದಿನ ಸೋಡಾ, ಚೆನ್ನಾಗಿ ತೊಳೆದು ಇನ್ನೊಂದು ದಿನ ಹುಳಿ. ಬೇರೆ ಬೇರೆ ಇಟ್ಟರೆ ಎರಡೂ ಕೆಲಸ ಮಾಡುತ್ತವೆ.

ನಾಲ್ಕು: ಸಿಪ್ಪೆಯ ಹುಳಿನೀರು

ನಿಂಬೆ, ಮೂಸಂಬಿ, ಕಿತ್ತಳೆ ಸಿಪ್ಪೆ ಎಸೆಯುವವರು ಇದನ್ನು ಮಾಡಬಹುದು. ಬೆಲ್ಲ ಒಂದು ಪಾಲು, ಸಿಪ್ಪೆ ಮೂರು ಪಾಲು, ನೀರು ಹತ್ತು ಪಾಲು. ಅಂದರೆ ನೂರು ಗ್ರಾಂ ಬೆಲ್ಲಕ್ಕೆ ಮುನ್ನೂರು ಗ್ರಾಂ ಸಿಪ್ಪೆ, ಒಂದು ಲೀಟರ್ ನೀರು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಕ್ಕಾಲು ಭಾಗ ಮಾತ್ರ ತುಂಬಿ. ಗಾಜಿನದು ಬೇಡ, ಒಳಗೆ ಗಾಳಿ ಹುಟ್ಟಿ ಒಡೆಯುತ್ತದೆ. ಮೊದಲ ತಿಂಗಳು ದಿನಾ ಒಮ್ಮೆ ಮುಚ್ಚಳ ಸಡಿಲಿಸಿ ಗಾಳಿ ಬಿಡಬೇಕು. ಮೂರು ತಿಂಗಳಿಗೆ ಸೋಸಿಕೊಂಡರೆ ಹುಳಿ ವಾಸನೆಯ ನೀರು ಸಿಗುತ್ತದೆ. ಒಂದು ಲೋಟಕ್ಕೆ ಹತ್ತು ಲೋಟ ನೀರು ಬೆರೆಸಿ ನೆಲ ಒರೆಸಬಹುದು. ಇದೂ ಹುಳಿಯೇ, ಕಡಪ ಕಲ್ಲಿಗೆ ಬೇಡ. ಬೆಲ್ಲದ ಖರ್ಚೂ ಇದೆ. ಸಿಪ್ಪೆ ಧಾರಾಳ ಸಿಗುವ ಮನೆಗೆ ಸರಿ, ಎಲ್ಲರಿಗೂ ಬೇಕೆಂದೇನೂ ಇಲ್ಲ.

ಐದು: ಗಾಳಿ, ಬಿಸಿಲು, ಸುಣ್ಣ

ಇದಕ್ಕೆ ದುಡ್ಡಿಲ್ಲ, ಆದ್ದರಿಂದಲೇ ನಾವು ಇದನ್ನು ಲೆಕ್ಕಕ್ಕೆ ಇಡುವುದಿಲ್ಲ. ಪಾಚಿಯನ್ನು ಎಷ್ಟು ಉಜ್ಜಿದರೂ ನೆಲ ಒಣಗದಿದ್ದರೆ ಎಂಟು ದಿನಕ್ಕೆ ಮತ್ತೆ ಹಾಜರ್. ಸ್ನಾನ ಆದ ಮೇಲೆ ನಿಂತ ನೀರನ್ನು ಕಡ್ಡಿ ಪೊರಕೆಯಿಂದ ಗುಡಿಸಿ ಬಾಗಿಲು ಕಿಟಕಿ ತೆರೆದಿಡಿ. ನಾವು ಆ ಹಲಗೆ ಕಿತ್ತು ಹಾಕಿಸಿದೆವು. ಆ ಕಿಟಕಿಯಿಂದ ಬಂದ ಬಿಸಿಲು ಮಾಡಿದ ಕೆಲಸವನ್ನು ಯಾವ ಬಾಟಲಿಯೂ ಮಾಡಿರಲಿಲ್ಲ. ಮನೆಯಲ್ಲಿ ವಯಸ್ಸಾದವರಿದ್ದರೆ, ಬಸುರಿ ಹೆಣ್ಣುಮಕ್ಕಳಿದ್ದರೆ ಪಾಚಿ ಎಂಬುದು ಅಂದಚೆಂದದ ಪ್ರಶ್ನೆಯಲ್ಲ, ಎಲುಬಿನ ಪ್ರಶ್ನೆ.

ಟೈಲ್ಸ್ ಇಲ್ಲದ ಗೋಡೆಗೆ ವರ್ಷಕ್ಕೊಮ್ಮೆ ಸುಣ್ಣ ಬಳಿಯಿರಿ. ಸುಣ್ಣ ಬಲವಾದ ಕ್ಷಾರ, ಅದರ ಮೇಲೆ ಬೂಷ್ಟು ಸುಲಭಕ್ಕೆ ಹತ್ತುವುದಿಲ್ಲ. ಸುಣ್ಣ ಅರಳಿಸುವಾಗ ಮಕ್ಕಳು ಹತ್ತಿರ ಇರಬಾರದು. ಕಣ್ಣಿಗೆ ಹಾರಿದರೆ ಕಣ್ಣೇ ಹೋದೀತು.

ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ

ನಮ್ಮಲ್ಲಿ ಬಚ್ಚಲ ನೀರು ಹಿತ್ತಿಲ ಬಾಳೆಗೆ, ಕೆಸುವಿಗೆ, ತೆಂಗಿಗೆ ಹೋಗುತ್ತದೆ. ಆಸಿಡ್ ಸುರಿದ ದಿನ ಅದೂ ಅಲ್ಲಿಗೇ ಹೋಗುತ್ತದೆ. ಹುಣಸೆ, ಅಂಟುವಾಳದ ನೀರಿನಿಂದ ಬಾಳೆಗೆ ತೊಂದರೆ ಆದದ್ದನ್ನು ನಾವು ಕಂಡಿಲ್ಲ. ಒಗೆಯುವ ಸೋಡಾ ಮಾತ್ರ ಮಿತಿಯಲ್ಲಿರಲಿ. ಹೆಚ್ಚಾದರೆ ನೆಲ ಚೌಳಾಗುತ್ತದೆ.

2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಅಭಿಯಾನ ಶುರುವಾದ ಮೇಲೆ ನಮ್ಮಂಥ ಊರುಗಳಲ್ಲಿ ಮನೆಮನೆಗೆ ಶೌಚಾಲಯ ಬಂತು. ಹಲವರದು ಜೋಡಿ ಗುಂಡಿಯ ಶೌಚಾಲಯ. ಒಂದು ಗುಂಡಿ ತುಂಬಿದ ಮೇಲೆ ಇನ್ನೊಂದಕ್ಕೆ ತಿರುಗಿಸಿ, ಮೊದಲಿನದನ್ನು ಒಂದೂವರೆ ಎರಡು ವರ್ಷ ಮುಚ್ಚಿಟ್ಟರೆ ಒಳಗಿನದು ಗೊಬ್ಬರವಾಗುತ್ತದೆ. ಆ ಕೆಲಸ ಮಾಡುವುದು ಕಣ್ಣಿಗೆ ಕಾಣದ ಜೀವಾಣುಗಳು. ಕುದಿಯುವ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗುತ್ತದೆಯೇ? ಹೆಪ್ಪಿನ ಜೀವಾಣು ಸಾಯುತ್ತದೆ. ಹಾಗೆಯೇ ಬಾಟಲಿಗಟ್ಟಲೆ ಆಸಿಡ್, ಫಿನಾಯಿಲು ಗುಂಡಿಗೆ ಇಳಿದರೆ ಆ ಜೀವಾಣುಗಳು ಸಾಯುತ್ತವೆ. ಗುಂಡಿ ಬೇಗ ತುಂಬುತ್ತದೆ, ನಾರುತ್ತದೆ. ಆಮೇಲೆ ಅದಕ್ಕೆ ಯಾರನ್ನು ಇಳಿಸುತ್ತೀರಿ? ಮನುಷ್ಯರನ್ನು ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಕಾಯಿದೆ ಇಲ್ಲದಿದ್ದರೂ ಅದು ಮಾಡಬಾರದ ಕೆಲಸ. ಸ್ನಾನದ ನೀರನ್ನೂ ಆ ಗುಂಡಿಗೆ ಬಿಡಬೇಡಿ, ಬೇರೆ ಇಂಗುಗುಂಡಿ ಮಾಡಿ.

ಇಷ್ಟನ್ನು ಮರೆಯಬೇಡಿ

ಮನೆಮದ್ದು ಕೊಳೆ ತೆಗೆಯುತ್ತದೆ, ಎಲ್ಲ ರೋಗಾಣುವನ್ನೂ ಕೊಲ್ಲುತ್ತದೆ ಅಂತ ನಾವು ಹೇಳುವುದಿಲ್ಲ. ಮನೆಯಲ್ಲಿ ಯಾರಿಗಾದರೂ ವಾಂತಿಭೇದಿ, ಕಾಲರಾ ಇದ್ದರೆ ಬ್ಲೀಚಿಂಗ್ ಪುಡಿಯೇ ಬೇಕು. ಆಗ ಆಶಾ ಕಾರ್ಯಕರ್ತೆಯರನ್ನು ಕೇಳಿ, ಅವರು ಹೇಳಿದ ಪ್ರಮಾಣದಲ್ಲಿ ನೀರಿಗೆ ಬೆರೆಸಿ, ಕಿಟಕಿ ತೆರೆದು, ಅದೊಂದನ್ನೇ ಬಳಸಿ. ಅದರ ಜೊತೆ ಆಸಿಡ್ ಮಾತ್ರವಲ್ಲ, ನಿಂಬೆ, ಹುಣಸೆ, ವಿನೆಗರ್ ಕೂಡ ಸೇರಬಾರದು. ಹುಳಿ ಯಾವುದಾದರೂ ಹುಳಿಯೇ. ವಿಷದ ಗಾಳಿ ಅದರಿಂದಲೂ ಏಳುತ್ತದೆ.

ಹಾಗೊಮ್ಮೆ ಹೊಗೆ ಎದ್ದರೆ ತೊಳೆಯಲು ನಿಲ್ಲಬೇಡಿ. ಬಯಲಿಗೆ ಓಡಿ, ಗಾಳಿಗೆ ಕೂತು, ಆಸ್ಪತ್ರೆಗೆ ಹೋಗಿ. ಆಸಿಡ್ ಕಣ್ಣಿಗೆ, ಮೈಗೆ ಬಿದ್ದರೆ ಕನಿಷ್ಠ ಹದಿನೈದು ಇಪ್ಪತ್ತು ನಿಮಿಷ ಬರೀ ನೀರು ಸುರಿಯುತ್ತಲೇ ಇರಿ. ಮಗು ಕುಡಿದುಬಿಟ್ಟರೆ ವಾಂತಿ ಮಾಡಿಸಬೇಡಿ, ಒಳಗೆ ಹೋಗುವಾಗ ಸುಟ್ಟದ್ದು ಹೊರಗೆ ಬರುವಾಗಲೂ ಸುಡುತ್ತದೆ. ತಕ್ಷಣ ಡಾಕ್ಟರ ಹತ್ತಿರ ಒಯ್ಯಿರಿ, ಬಾಟಲಿಯನ್ನೂ ಜೊತೆಗೆ ಒಯ್ಯಿರಿ. ಕುಡಿಯುವ ನೀರಿನ ಬಾಟಲಿಯಲ್ಲಿ ಆಸಿಡ್, ಫಿನಾಯಿಲು, ಸೋಡಾ ನೀರು ಏನನ್ನೂ ತುಂಬಿಡಬೇಡಿ. ಅಂಟುವಾಳದ ನೀರನ್ನು ಕೂಡ ಮಕ್ಕಳು ಟೀ ಅಂದುಕೊಂಡಾರು. ಆಸಿಡ್ಡನ್ನು ಸಿಕ್ಕಸಿಕ್ಕವರಿಗೆ ಮಾರಬಾರದು, ಹದಿನೆಂಟು ವರ್ಷ ತುಂಬಿದವರಿಗೆ ಗುರುತು ಚೀಟಿ ನೋಡಿ, ಬರೆದಿಟ್ಟುಕೊಂಡು ಮಾರಬೇಕು ಎಂದು ಸುಪ್ರೀಂ ಕೋರ್ಟು 2013ರಲ್ಲೇ ಹೇಳಿದೆ. ಹಾಗಿರುವಾಗ ಅದು ಉಪ್ಪು ಮೆಣಸಿನಕಾಯಿಯ ಪಕ್ಕದಲ್ಲಿಡುವ ಪದಾರ್ಥ ಅಲ್ಲ ಎಂಬುದು ನಮಗೂ ತಿಳಿಯಬೇಕು.

ಗಂಡಸರಿಗೆ ಒಂದು ಮಾತು

ಕಟ್ಟೆಯ ಮೇಲೆ ಕೂತಿರುವ ಅಣ್ಣತಮ್ಮಂದಿರು ಇಷ್ಟು ಹೊತ್ತು ಇದು ನಮಗಲ್ಲ ಅಂತ ಕೂತಿದ್ದೀರಿ. ಹೆಂಗಸರೇ ಬಚ್ಚಲು ತೊಳೆಯಬೇಕು ಅಂತ ಯಾವ ಬೈಲಾದಲ್ಲಿ ಬರೆದಿದೆ ಹೇಳಿ ನೋಡೋಣ. ಗಾಂಧೀಜಿಯವರು ಆಶ್ರಮದಲ್ಲಿ ಪಾಯಿಖಾನೆಯನ್ನು ತಾವೇ ತೊಳೆಯುತ್ತಿದ್ದರು. ನಮ್ಮ ಮನೆಯಲ್ಲಿ ಆ ಹಬ್ಬದ ನಂತರ ಭಾನುವಾರದ ಸರದಿ ಮಗನದು. ಮೊದಮೊದಲು ಮುಖ ಗಂಟಿಕ್ಕಿಕೊಂಡು ಮಾಡುತ್ತಿದ್ದ. ಈಗ ಗೋಡೆಗೆ ಸೋಪು ಎರಚಿದರೆ ಅವನೇ ಮಕ್ಕಳನ್ನು ಗದರುತ್ತಾನೆ. ತೊಳೆದವನಿಗೇ ಗೊತ್ತು ಕೊಳೆಯ ಬೆಲೆ.

ಸಂಘಕ್ಕೆ ನಮ್ಮ ಮನವಿ

ಕೊನೆಗೆ ಆಡಳಿತ ಮಂಡಳಿಯವರಲ್ಲಿ ಎರಡು ಬೇಡಿಕೆ. ಒಂದು: ನಮ್ಮ ರಾಜ್ಯದ ಕಾಡಂಚಿನಲ್ಲಿ ಲ್ಯಾಂಪ್ಸ್ ಎಂದು ಕರೆಯುವ ಗಿರಿಜನರ ಸಹಕಾರ ಸಂಘಗಳಿವೆ. ಅಂಟುವಾಳ, ಸೀಗೆ, ಜೇನು ಮುಂತಾದ ಕಾಡಿನ ಉತ್ಪನ್ನವನ್ನು ಅವು ಕೊಳ್ಳುತ್ತವೆ. ಸುಗ್ಗಿ ಕಾಲದಲ್ಲಿ ಒಂದೆರಡು ಮೂಟೆ ಅಂಟುವಾಳವನ್ನು ನಮ್ಮ ಸಂಘ ಒಟ್ಟಿಗೆ ತರಿಸಿ, ಪಶು ಆಹಾರ ಕೊಡುವ ಹಾಗೆ, ಅಸಲು ಬೆಲೆಗೆ ಸದಸ್ಯರಿಗೆ ಕೊಡಲಿ. ಬೇಕಾದರೆ ಬಟವಾಡೆಯಲ್ಲಿ ಮುರಿದುಕೊಳ್ಳಲಿ. ಸಹಕಾರ ಸಂಘ ಸಹಕಾರ ಸಂಘಕ್ಕೆ ಆಗಬೇಕಲ್ಲವೇ? ಎರಡು: ರಜತ ಮಹೋತ್ಸವದ ನೆನಪಿಗೆ ಡೇರಿಯ ಹಿಂದಿನ ಜಾಗದಲ್ಲಿ, ಹೊಲದ ಬದುಗಳಲ್ಲಿ ಅಂಟುವಾಳದ ಸಸಿ ನೆಡಿಸಲಿ. ಫಲ ಬರಲು ಹಲವು ವರ್ಷ ಕಾಯಬೇಕು. ನಾವು ಇರುತ್ತೇವೋ ಇಲ್ಲವೋ. ಮುಂದೆ ಸುವರ್ಣ ಮಹೋತ್ಸವಕ್ಕೆ ಕೂಡುವ ಹೆಣ್ಣುಮಕ್ಕಳಿಗೆ ಕಾಯಿ ಆಯಲು ಮರ ಇರುತ್ತದೆ.

ನಮ್ಮ ಸೊಸೆ ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾಳೆ. ನಿನ್ನ ವಿಚಾರ ಎಲ್ಲರ ಮುಂದೆ ಹೇಳಲೇ ಅಂತ ನೆನ್ನೆ ಕೇಳಿದೆವು. "ಹೇಳಿ ಅತ್ತೆ, ಇನ್ನೊಬ್ಬಳಿಗೆ ಹಂಗಾಗದಿದ್ರೆ ಸಾಕು" ಅಂದಳು. ಅವಳ ಆ ಮಾತನ್ನೇ ಇವತ್ತು ನಾವು ತಮಗೆ ಒಪ್ಪಿಸಿದ್ದೇವೆ. ಹಬ್ಬಕ್ಕೆ ಬರುವ ನೆಂಟರು ನಾಲ್ಕು ದಿನ ಇದ್ದು ಹೋಗುತ್ತಾರೆ. ಬಚ್ಚಲು ತೊಳೆಯುವವಳು ವರ್ಷಪೂರ್ತಿ ನಮ್ಮ ಜೊತೆ ಇರುವವಳು. ಮೊದಲು ಅವಳನ್ನು ನೋಡಿ, ಆಮೇಲೆ ಟೈಲ್ಸ್ ನೋಡೋಣ.

ಎಲ್ಲರಿಗಾಗಿ ನಾನು, ನನಗಾಗಿ ಎಲ್ಲರೂ ಎಂಬ ಸಹಕಾರದ ಮಾತು ಡೇರಿಯ ಗೋಡೆಯ ಮೇಲೆ ಇದ್ದರೆ ಸಾಲದು, ಮನೆಯ ಬಚ್ಚಲವರೆಗೂ ಬರಬೇಕು. 

ಜೈ ಹಿಂದ್, ಜೈ ಕರ್ನಾಟಕ, ಜೈ ಸಹಕಾರ.